ಸಿಹಿ ಅಂಗಡಿಯವನ ಸಪ್ಪೆ ಬಳ್ಳಿ

ನನ್ನ ಸೋದರಮಾವನಿಗೆ ಹುಚ್ಚು ಹಿಡಿದಿತ್ತು ಎಂದು ನಾನು ಹೇಳುವುದಿಲ್ಲ. ನಾನೇಕೆ ಹೇಳಲಿ? ಅದನ್ನು ಹೇಳುವುದಕ್ಕೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಿಂದ ಹಿಡಿದು ನಮ್ಮ ಓಣಿಯ ಕೊನೆಯ ಮನೆಯವರೆಗೆ ಜನ ಸಾಲಾಗಿ ನಿಂತಿದ್ದರು! ನಾನು ಕೇಳುವುದು ಇಷ್ಟೇ. ಹಗಲೆಲ್ಲ ಜಿಲೇಬಿ, ಲಾಡು, ಮೈಸೂರುಪಾಕು ಮಾರಿ ಹೊಟ್ಟೆ ಹೊರೆಯುವ ಮನುಷ್ಯನೊಬ್ಬ, ನಾಲಿಗೆಯ ಮೇಲಿನ ಸಿಹಿಯನ್ನೇ ಅಳಿಸಿಹಾಕುವ ಬಳ್ಳಿಯೊಂದನ್ನು ಹಿತ್ತಲಲ್ಲಿ ಸಾಕಿಕೊಂಡು, ಬಂದ ಬಂದವರಿಗೆಲ್ಲ ಅದರ ಎಲೆ ತಿನ್ನಿಸಿ ಕಳಿಸಿದರೆ ಅವನನ್ನು ಏನೆಂದು ಕರೆಯಬೇಕು? ನಾವು ಮಾವ ಎಂದು ಕರೆಯುತ್ತಿದ್ದೆವು. ಅವನ ಹೆಂಡತಿ, ಅಂದರೆ ನಮ್ಮ ಅತ್ತೆ, ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಿದ್ದಳು. ಅವನ್ನು ಇಲ್ಲಿ ಬರೆಯುವಂತಿಲ್ಲ.

ಮಾವನ ಅಂಗಡಿ ಬಜಾರಿನಲ್ಲಿತ್ತು, ಮನೆ ಅದರ ಹಿಂದಿನ ಓಣಿಯಲ್ಲಿ. ನಮ್ಮ ಮನೆ ಅಲ್ಲಿಂದ ಕೂಗಳತೆಯ ದೂರ. ಅಂಗಡಿಯ ಬೋರ್ಡಿನ ಮೇಲೆ ಮಾವನ ಹೆಸರಿದ್ದರೂ ಅಂಗಡಿಯ ನಾಲಿಗೆ ಮಾತ್ರ ಅತ್ತೆಯದು. ಹೋಳಿಗೆಗೆ ಹೂರಣ ಕುದಿಯುತ್ತಿರಲಿ, ಕರ್ಚಿಕಾಯಿಗೆ ಕೊಬ್ಬರಿ ಕಲಸುತ್ತಿರಲಿ, ಅತ್ತೆ ಬಂದು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದು ಕ್ಷಣ ಧ್ಯಾನ ಮಾಡಿ, "ಇನ್ನೊಂದೀಟು ಬೆಲ್ಲ ಬೇಕು" ಎನ್ನಬೇಕು. ಆಮೇಲೆಯೇ ಪಾತ್ರೆ ಇಳಿಯುವುದು. ಬೆಲ್ಲ ಎಷ್ಟೇ ಹಾಕಿರಲಿ, ಅವಳ ತೀರ್ಪು ಅದೊಂದೇ. "ಸಾಕು" ಎಂಬ ಮಾತನ್ನು ಅವಳ ಬಾಯಿಂದ ಕೇಳಿದವರಿರಲಿಲ್ಲ. ಮಾವ ಅವಳಿಗೆ ಗೊತ್ತಾಗದ ಹಾಗೆ ಮೊದಲೇ ಒಂದು ಹಿಡಿ ಕಡಿಮೆ ಹಾಕಿಸಿಡುತ್ತಿದ್ದ. ಹೀಗೆ ಇಬ್ಬರೂ ಸೇರಿ ಸರಿಯಾದ ಹದಕ್ಕೆ ಬರುತ್ತಿದ್ದರು.

ತೊಂಬತ್ತರ ದಶಕದ ಮಧ್ಯದಲ್ಲಿ ಒಂದು ಸಲ ಅತ್ತೆಗೆ ಸುಸ್ತು, ಬಾಯಾರಿಕೆ ಎಂದು ದಾವಣಗೆರೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಸಕ್ಕರೆ ಕಾಯಿಲೆ! ಮಾತ್ರೆ ಬರೆದುಕೊಟ್ಟ ಡಾಕ್ಟರು, ಇನ್ನು ಮುಂದೆ ಸಿಹಿ ಮುಟ್ಟಬಾರದು ಎಂದರು. ಅತ್ತೆ ಅವರನ್ನೇ ದಿಟ್ಟಿಸಿ ನೋಡಿ, "ಅಲ್ರಿ ಡಾಕ್ಟ್ರೆ, ಸಿಹಿ ಅಂಗಡ್ಯಾಕಿಗೆ ಸಿಹಿ ಬಿಡು ಅಂದ್ರ ಹೆಂಗ್ರಿ? ನಿಮಗ ಸೂಜಿ ಮುಟ್ಟಬ್ಯಾಡ್ರಿ ಅಂದ್ರ ದವಾಖಾನಿ ನಡೀತೈತೇನು?" ಎಂದಳಂತೆ.

ಅತ್ತೆಗೆ ಇದೆಲ್ಲ ನಗು. ಮಾವನಿಗೆ ನಗು ಬರಲಿಲ್ಲ. ಅವನ ತಾಯಿ, ನನ್ನ ಅಜ್ಜಿ, ಇದೇ ಕಾಯಿಲೆಯಲ್ಲಿ ಮೊದಲು ಒಂದು ಬೆರಳು, ಆಮೇಲೆ ಪಾದ, ಕೊನೆಗೆ ಜೀವವನ್ನೇ ಕಳೆದುಕೊಂಡಿದ್ದಳು. ಮಾವ ಹೆದರಿದ್ದ. ಅವನು ಮುಂದೆ ಮಾಡಿದ ಎಲ್ಲ ಹುಚ್ಚಾಟಗಳ ಬೇರು ಆ ಹೆದರಿಕೆಯಲ್ಲಿತ್ತು ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾವು ಆಗ ನೆನಪಿಟ್ಟುಕೊಳ್ಳಲಿಲ್ಲ, ಬರೀ ನಕ್ಕೆವು.

ಅತ್ತೆ ಮಾತ್ರೆ ನುಂಗುತ್ತಿದ್ದಳು, ಜೊತೆಗೆ ಜಿಲೇಬಿಯನ್ನೂ! ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮೈಸೂರುಪಾಕು ಸಿಗುತ್ತಿತ್ತು. ದಿಂಬಿನ ಚೀಲದೊಳಗಿಂದ ಬೇಸನ್ ಉಂಡೆ ಉರುಳುತ್ತಿತ್ತು. ಮಾವ ಕೂಗಾಡಿದರೆ, "ಇರುವಿ ತಂದಿಟ್ಟಿರಬೇಕ್ರಿ, ನನಗೇನು ಗೊತ್ತು?" ಎನ್ನುತ್ತಿದ್ದಳು. ಬೇಸನ್ ಉಂಡೆಯನ್ನು ದಿಂಬಿಗೆ ಹೊತ್ತೊಯ್ಯುವ ಇರುವೆ ಯಾವ ದೇಶದ್ದು?

ಹೀಗಿರುವಾಗ ಸಂತೆಯಲ್ಲಿ ಬೇರು ನಾರು ಮಾರುವ ಒಬ್ಬ ಅಜ್ಜಿ ಮಾವನ ಕಣ್ಣಿಗೆ ಬಿದ್ದಳು. ಅವಳ ಹತ್ತಿರ ಒಂದು ಹಿಡಿ ಹಸಿರು ಎಲೆ ಇತ್ತು. "ಇದನ್ನ ಅಗದು ಸಕ್ರಿ ಬಾಯಾಗ ಹಾಕ್ಕೊ ಯಪ್ಪಾ, ಉಸುಕು ತಿಂದಂಗಾಕ್ಕೈತಿ" ಎಂದಳು. ನಮ್ಮ ಹಿರಿಯರು ಸಣ್ಣಗೆರಸೆ ಎನ್ನುತ್ತಿದ್ದ ಬಳ್ಳಿ ಅದು, ಔಷಧಿಯ ಪುಸ್ತಕದವರು ಮಧುನಾಶಿನಿ ಎನ್ನುತ್ತಾರೆ. ಮಾವ ಎಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸೀದಾ ನಮ್ಮ ಮನೆಗೆ ಬಂದ. ನಾನು ಆಗ ಮಾಸ್ತರಿಕೆಯ ತರಬೇತಿ ಮುಗಿಸಿ ಮನೆಯಲ್ಲಿ ಕುಳಿತಿದ್ದೆ.

"ಯವ್ವಾ, ಬಾಯಿ ತೆಗಿ."

ಸಿಹಿ ಅಂಗಡಿಯ ಮಾವ ಬಾಯಿ ತೆಗೆ ಎಂದರೆ ಯಾವ ಸೊಸೆ ತೆಗೆಯುವುದಿಲ್ಲ? ಕಹಿ ಕಹಿ ಎಲೆಯನ್ನು ಚೆನ್ನಾಗಿ ಅಗಿಸಿದ. ಆಮೇಲೆ ಜೇಬಿನಿಂದ ಒಂದು ಮೈಸೂರುಪಾಕು ತೆಗೆದು ಬಾಯಿಗಿಟ್ಟ. ದೇವರೇ! ತುಪ್ಪದಲ್ಲಿ ನೆನೆಸಿದ ಇಟ್ಟಿಗೆ ಪುಡಿ! ನಾಲಿಗೆ ಶಾಶ್ವತವಾಗಿ ಕೆಟ್ಟೇಹೋಯಿತು ಎಂದು ನಾನು ಅಳತೊಡಗಿದೆ, ಮಾವ ಕುಣಿದ. ತನ್ನ ಅಂಗಡಿಯ ಮೈಸೂರುಪಾಕಿಗೆ ಇಂಥ ಅವಮಾನವಾದದ್ದನ್ನು ನೋಡಿ ಇಷ್ಟು ಸಂತೋಷಪಟ್ಟ ಇನ್ನೊಬ್ಬ ವ್ಯಾಪಾರಿಯನ್ನು ನಾನು ಕಂಡಿಲ್ಲ.

"ನೀನಾ ತಿಂದು ನೋಡಬೇಕಿಲ್ಲಾ ಮಾವಾ?" ಎಂದು ಸಿಟ್ಟಿನಿಂದ ಕೇಳಿದೆ.

"ನಿಮ್ಮತ್ತಿ ರುಚಿ ನೋಡೋದ ನಿಂತ ಮ್ಯಾಲ ನನ್ನ ನಾಲಿಗಿ ಅಂಗಡಿದವ್ವಾ. ಅದು ಕೆಟ್ರ ವ್ಯಾಪಾರ ಕೆಡತೈತಿ. ನಿಂದಾದ್ರ ನಡೀತೈತಿ."

ಒಂದು ತಾಸಿನೊಳಗೆ ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಸರಿಹೋಯಿತು. ಮಾವ ಮಾತ್ರ ಸರಿಹೋಗಲಿಲ್ಲ. ಅವನ ಲೆಕ್ಕಾಚಾರ ಸರಳವಾಗಿತ್ತು: "ಬ್ಯಾಡ ಅಂದ್ರ ಆಕಿ ಬಿಡಂಗಿಲ್ಲ. ತಿಂದ್ರೂ ಸಿಹಿ ಹತ್ತಲಿಲ್ಲ ಅಂದ್ರ ತಾನಾ ಬಿಡ್ತಾಳ." ಆದರೆ ಸಂತೆಯ ಅಜ್ಜಿ ವಾರ ವಾರ ಬರುವವಳಲ್ಲ. ಹಿಂದೆ ಬೇಲಿಬೇಲಿಯಲ್ಲಿ ಹಬ್ಬುತ್ತಿದ್ದ ಬಳ್ಳಿ ಈಗ ಕೂಡ್ಲಿಗಿ ಕಡೆಯ ಒಂದು ಗುಡ್ಡದ ಕಲ್ಲುಸಂದಿಯಲ್ಲಿ ಮಾತ್ರ ಉಳಿದಿದೆ ಎಂದು ಅವಳು ಹೇಳಿದ್ದಳು. ಸರಿ, ಮಾವ ಅವಳನ್ನು ಕರೆದುಕೊಂಡು ಗುಡ್ಡ ಹತ್ತಿದ. ಲಾಡು ಎತ್ತುವುದು ಬಿಟ್ಟರೆ ಬೇರೇನನ್ನೂ ಎತ್ತದ ಮನುಷ್ಯ, ಕಲ್ಲು ಮುಳ್ಳು ದಾಟಿ, ಪಂಚೆ ಹರಿದುಕೊಂಡು, ಹದವಾಗಿ ಬಲಿತ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತನ್ನ ಅಂಗಡಿಯ ಮಿಠಾಯಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಮಿಠಾಯಿ ಡಬ್ಬಿ ನೋಡಿದ ಕಂಡಕ್ಟರು ಬಿಡುತ್ತಾನೆಯೇ? "ಏನ್ ಸಾವ್ಕಾರ್ರೆ, ನಮಗಿಲ್ಲೇನ್ರಿ?" ಎಂದ. ಮಾವ ಡಬ್ಬಿ ತೆಗೆದು ಎರಡು ಎಲೆ ಕೊಟ್ಟ. ಆರೋಗ್ಯಕ್ಕೆ ಒಳ್ಳೆಯದು ಎಂದ. ಕಂಡಕ್ಟರು ಅಗಿದ. ಮುಂದಿನ ಊರಿನಲ್ಲಿ ಬಸ್ಸು ನಿಂತಾಗ ಇಳಿದು ಚಹಾ ಕುಡಿದ. ಸಕ್ಕರೆಯನ್ನೇ ಹಾಕಿಲ್ಲ ಎಂದು ಚಹಾದಂಗಡಿಯವನ ಜೊತೆ ಜಗಳ ತೆಗೆದ. ಅವನು ಹಾಕಿದ್ದೇನೆ ಎಂದ, ಇವನು ಇಲ್ಲ ಎಂದ, ಡ್ರೈವರು ಕುಡಿದು ನೋಡಿ ಪಾನಕ ಇದ್ದಹಾಗಿದೆ ಎಂದ. ಕಂಡಕ್ಟರು ಡ್ರೈವರಿನ ಮೇಲೆಯೇ ಹರಿಹಾಯ್ದ! ಬಸ್ಸು ಅರ್ಧ ತಾಸು ತಡವಾಯಿತು. ಇಡೀ ಜಗಳವನ್ನು ಮಾವ ಕಿಟಕಿಯಿಂದ ನೋಡುತ್ತ, ಡಬ್ಬಿಯನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು, ಬಾಯಿ ಬಿಡದೆ ಕುಳಿತಿದ್ದ.

ತಂದ ಕಡ್ಡಿಗಳನ್ನು ಹಾಲಿನ ಪ್ಯಾಕೆಟ್ಟುಗಳಲ್ಲಿ ಕೆಮ್ಮಣ್ಣು, ಉಸುಕು, ಗೊಬ್ಬರ ಕಲಸಿ ನೆಟ್ಟ. ನೀರು ಹೆಚ್ಚಾಗಿ ಕೆಲವು ಕೊಳೆತವು. ಕಡಿಮೆಯಾಗಿ ಕೆಲವು ಒಣಗಿದವು. ದಿನಾ ಕಿತ್ತು ಬೇರು ಬಂದಿದೆಯೇ ಎಂದು ನೋಡಿದ್ದರಿಂದ ಉಳಿದವು ಸತ್ತವು. ಅವನ ಕೈಗೆ ಸಿಗದೆ ಮೂಲೆಯಲ್ಲಿ ಮರೆತುಹೋಗಿದ್ದ ಒಂದೇ ಒಂದು ಕಡ್ಡಿ ಚಿಗುರಿತು.

ಆ ಒಂದು ಚಿಗುರಿಗೆ ನಡೆದ ಉಪಚಾರವನ್ನು ಏನೆಂದು ಹೇಳಲಿ! ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್ಲಿನಲ್ಲಿ ಕಾಗೆ ಕೂಡ ಮಧ್ಯಾಹ್ನ ಹೊರಗೆ ಬರುವುದಿಲ್ಲ. ಮಾವ ತನ್ನ ಕೊಡೆಯನ್ನು ಗಿಡಕ್ಕೆ ಕಟ್ಟಿ ತಾನು ತಲೆಗೆ ಟವೆಲ್ಲು ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದ. ಸುತ್ತ ಸಕ್ಕರೆ ಮೂಟೆಯ ಗೋಣಿ ಚೀಲಗಳನ್ನು ಒದ್ದೆ ಮಾಡಿ ತೂಗುಬಿಟ್ಟಿದ್ದ. ಬುಡದ ಪಕ್ಕದಲ್ಲಿ ತೂತು ಮಾಡಿದ ಮಡಕೆ ಹೂಳಿ, ನೀರು ಹನಿಹನಿಯಾಗಿ ಬೇರಿಗೆ ಇಳಿಯುವ ಹಾಗೆ ಮಾಡಿದ್ದ. ಬಳ್ಳಿ ಹಬ್ಬಲು ಬಿದಿರಿನ ಚಪ್ಪರ ಬೇರೆ. ಮದುವೆ ಮನೆಗೂ ಅಷ್ಟು ಗಟ್ಟಿ ಚಪ್ಪರ ಹಾಕುವುದಿಲ್ಲ.

ನೀರಿನದೇ ಕಷ್ಟ. ಊರಲ್ಲಿ ನಲ್ಲಿ ಬರುವುದು ಐದಾರು ದಿನಕ್ಕೊಮ್ಮೆ. ಆಗ ಮಾವನ ತಲೆಗೆ ಹೊಳೆದದ್ದು ನಮ್ಮ ಹಳೆಯ ಪದ್ಧತಿ. ಮನೆಗೆ ಬಂದವರಿಗೆ ಬಾಗಿಲಲ್ಲಿ ತಂಬಿಗೆ ನೀರು ಕೊಡುತ್ತೇವಲ್ಲ, ಕೈಕಾಲು ತೊಳೆದುಕೊಂಡು ಒಳಗೆ ಬರಲಿ ಎಂದು? ಆ ನೀರು ಬೀದಿಗೆ ಹೋಗಿ ದಂಡವಾಗುವುದೇಕೆ? ಮಾವ ಕಾಲು ತೊಳೆಯುವ ಕಲ್ಲನ್ನು ಬಾಗಿಲಿನಿಂದ ಕಿತ್ತು ಹಿತ್ತಲಿಗೆ ಒಯ್ದು, ಬಳ್ಳಿಯ ಬುಡದಲ್ಲಿ ಹಾಕಿದ. ಅಂದಿನಿಂದ ಆ ಮನೆಗೆ ಯಾರೇ ಬರಲಿ, ಮುಂಬಾಗಿಲಿಂದ ಪ್ರವೇಶವಿಲ್ಲ! ಪಕ್ಕದ ಸಂದಿಯಲ್ಲಿ ಅಡ್ಡಡ್ಡ ಸರಿದು, ಅಲ್ಲಿ ಕಟ್ಟಿದ್ದ ಎಮ್ಮೆಯನ್ನು ದಾಟಿ, ಹಿತ್ತಲಿಗೆ ಹೋಗಿ, ಬಳ್ಳಿಗೆ ಪಾದೋದಕ ಎರೆದು, ಅಡಿಗೆಮನೆಯ ಮೂಲಕ ಪಡಸಾಲೆಗೆ ಬರಬೇಕು. ತೂಕದವರು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಬಂದವರ ಕಾಲು ಸ್ವಚ್ಛವಾಗಿದ್ದರೆ ಮಾವನಿಗೆ ಬೇಸರ. "ಇನ್ನೊಂದು ತಂಬಿಗಿ ಹಾಕ್ಕೋರಿ, ಹಿಮ್ಮಡಿ ನೋಡ್ರಿ, ಧೂಳು ಐತಿ" ಎಂದು ಒತ್ತಾಯ ಮಾಡುತ್ತಿದ್ದ.

ಬಳ್ಳಿ ಬೆಳೆಯಿತು. ಅಂಗೈಯಷ್ಟು ಅಗಲವಿಲ್ಲದ ಮೆತ್ತನೆಯ ಎಲೆಗಳು, ಜೋಡಿಜೋಡಿಯಾಗಿ. "ಸಿಹಿಗೆ ಇದು ಬದ್ಧ ವೈರಿ. ಇರುವಿ ಸೈತ ಇದರ ಹತ್ರ ಸುಳಿಯಂಗಿಲ್ಲ" ಎಂದು ಮಾವ ಬಜಾರಿನಲ್ಲಿ ಭಾಷಣ ಮಾಡಿದ. ಮರುವಾರವೇ ಬಳ್ಳಿಯ ಮೇಲೆ ಇರುವೆಗಳ ಮೆರವಣಿಗೆ! ಅತ್ತೆಗೆ ಹಬ್ಬ.

"ಬರ್ರಿ ಬರ್ರಿ, ನಿಮ್ಮ ಗಿಡಕ್ಕ ಗಿರಾಕಿ ಬಂದಾರ. ನಮ್ಮ ಅಂಗಡಿಗೆ ಇಷ್ಟು ಮಂದಿ ಬರಂಗಿಲ್ಲ ನೋಡ್ರಿ!"

ಆಮೇಲೆ ತಿಳಿದದ್ದು, ಚಿಗುರಿಗೆ ಗಿಡದ ಹೇನು ಹತ್ತಿದ್ದವು, ಅವು ಒಸರುವ ಅಂಟು ಸಿಹಿಗೆ ಇರುವೆ ಬಂದಿದ್ದವು. ಸಿಹಿ ಕೊಲ್ಲುವ ಬಳ್ಳಿಯ ಮೈಮೇಲೇ ಸಿಹಿಯ ವ್ಯಾಪಾರ! ಮಾವನಿಗೆ ಇದು ಸ್ವಂತ ಮನೆಯ ಕಥೆಯಂತೆಯೇ ಕಂಡಿರಬೇಕು. ಹೇನಿಗೆ ತಂಬಾಕು ನೆನೆಸಿದ ನೀರು ಚಿಮುಕಿಸಬೇಕು ಎಂದು ಯಾರೋ ಹೇಳಿದರು. ಚಿಮುಕಿಸುವುದಕ್ಕೆ ಮನೆಯಲ್ಲಿದ್ದದ್ದು ಅತ್ತೆಯ ತವರಿನ ಬೆಳ್ಳಿಯ ಪನ್ನೀರುದಾನಿ ಒಂದೇ. ಮಾವ ಅದರಲ್ಲೇ ತಂಬಾಕಿನ ನೀರು ತುಂಬಿ ಕೆಲಸ ಮುಗಿಸಿ, ಸುಮ್ಮನೆ ಒರೆಸಿಟ್ಟ. ಮುಂದೆ ನನ್ನ ನಿಶ್ಚಿತಾರ್ಥದಲ್ಲಿ ಅದೇ ಪನ್ನೀರುದಾನಿಯಿಂದ ಬೀಗರಿಗೆಲ್ಲ ಪನ್ನೀರು ಚಿಮುಕಿಸಿದರು. ಬೀಗರು ಸೀನಿದ ಸೀನಿಗೆ ಶಾಮಿಯಾನ ಅಲುಗಾಡಿತು.

ನಿಶ್ಚಿತಾರ್ಥದ ಮಾತು ಬಂತಲ್ಲ, ಅದಕ್ಕೂ ಮೊದಲು ನನ್ನನ್ನು ನೋಡಲು ಬಂದ ದಿನದ ಕಥೆ ಹೇಳಲೇಬೇಕು. ಹರಪನಹಳ್ಳಿಯ ಹುಡುಗ, ಹೈಸ್ಕೂಲು ಮಾಸ್ತರು. ಮಾವನ ಪಡಸಾಲೆ ದೊಡ್ಡದೆಂದು ಅಲ್ಲಿಯೇ ಏರ್ಪಾಡು. ಹುಡುಗ, ಅವನ ತಂದೆ ತಾಯಿ, ಒಬ್ಬಳು ದೊಡ್ಡಮ್ಮ ಸಂದಿಯಲ್ಲಿ ಸರಿದು, ಎಮ್ಮೆ ದಾಟಿ, ಕಾಲು ತೊಳೆದರು. ಅಷ್ಟಕ್ಕೇ ಬಿಟ್ಟರೆ ಅವನು ನಮ್ಮ ಮಾವ ಹೇಗಾದಾನು? "ಬೀಗರು ಆಗೋರು, ಇದನ್ನೊಂದೀಟು ಬಾಯಾಡಸ್ರಿ, ಮೈಗೆ ಭಾಳ ಚಲೋ" ಎಂದು ತಲೆಗೆರಡು ಎಲೆ ಅಗಿಸಿಯೇ ಒಳಗೆ ಕಳಿಸಿದ. ನಾನು ಕೇಸರಿಬಾತು ತಂದಿಟ್ಟೆ. ಎಲ್ಲರೂ ಒಂದೊಂದು ಚಮಚ ಬಾಯಿಗಿಟ್ಟರು. ಹುಡುಗನ ತಂದೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ದೊಡ್ಡಮ್ಮ ನಿಧಾನಕ್ಕೆ ಬಾಯಿ ತೆಗೆದಳು: "ಹುಡುಗಿಗೆ ಗಾಬರಿಯಾಗೇತೇನೋ. ಸಕ್ಕರೆ ಹಾಕಾದು ಮರ್ತು ಬಿಟ್ಟಾಳೆ."

ನನ್ನ ಅವ್ವನಿಗೆ ಥಟ್ಟನೆ ಎಲ್ಲ ಅರ್ಥವಾಗಿ, ತನ್ನ ಅಣ್ಣನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಯಣ್ಣಾ, ನನ್ನ ಮಗಳ ಮದುವಿ ಮುರಿಯಾಕ ಈ ಗಿಡ ಬೆಳಸೀಯೇನು?" ಎಂದು ಬೈದದ್ದು ಪಡಸಾಲೆಗೂ ಕೇಳಿಸಿತು. ಹುಡುಗ ಮಾತ್ರ ತಲೆ ತಗ್ಗಿಸಿ ತಟ್ಟೆ ಪೂರ್ತಿ ಖಾಲಿ ಮಾಡಿ, "ಇನ್ನೂ ಸ್ವಲ್ಪ ಹಾಕ್ರಿ" ಎಂದ! ಯಾಕೆಂದು ಮದುವೆಯಾದ ಮೇಲೆ ಕೇಳಿದೆ. "ನೀನು ಅಳೋಹಂಗೆ ನಿಂತಿದ್ದೆ, ಅದಕ್ಕೇ" ಎಂದರು. ಈಗಲೂ ನನ್ನ ಅಡಿಗೆ ಬಾಯಿಗಿಟ್ಟು, "ಇವತ್ತು ನಾನು ಎಲೆ ಏನಾದ್ರೂ ತಿಂದಿದ್ದೀನಾ?" ಎಂದು ಕೇಳುವುದುಂಟು.

ಹೀಗೆ ಎಲ್ಲರೂ ಎಲೆ ತಿಂದರು. ಪೋಸ್ಟ್‌ಮನ್ ತಿಂದ. ಪೂಜೆಗೆ ಬಂದ ಅಯ್ಯನವರು ತಿಂದು, ನಮ್ಮ ಪಾಯಸಕ್ಕೆ ಉಪ್ಪು ಕೇಳಿದರು. ತಿನ್ನದೆ ಉಳಿದವರು ಇಬ್ಬರೇ. ಒಬ್ಬ ಮಾವ, ಅಂಗಡಿಯ ನಾಲಿಗೆ ಎಂಬ ಕಾರಣಕ್ಕೆ. ಇನ್ನೊಬ್ಬಳು ಯಾರಿಗಾಗಿ ಈ ಬಳ್ಳಿ ಬೆಳೆಯಿತೋ ಆ ಅತ್ತೆ!

"ಸಿಹಿ ಬಿಟ್ಟು ಬದುಕಬೌದ್ರಿ" ಎಂದು ಅತ್ತೆ ಒಂದು ದಿನ ಹೇಳಿದಳು, "ಸಿಹಿ ಅಂದ್ರ ಹೆಂಗಿರತೈತಿ ಅನ್ನೋದ ಮರತು ಬದುಕಾಕ ಆಗಂಗಿಲ್ಲ." ಬೇಸನ್ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಈ ಮಾತು ಹೇಳಿದ್ದರಿಂದ ನಮಗೆ ನಗು ಬಂತು.

ಎಲೆ ಬಾಯಿಗೆ ಹಾಕುವುದಿಲ್ಲ ಎಂಬ ಹಟವನ್ನು ಮಾವ ಒಮ್ಮೆ ಮುರಿದ, ಅದೂ ಬೇರೆ ದಾರಿಯಿಲ್ಲದೆ. ಹಿರೇಹಡಗಲಿಯಿಂದ ಗೃಹಪ್ರವೇಶಕ್ಕೆ ಹೋಳಿಗೆ ಹೇಳಲು ಬಂದ ಗೌಡರೊಬ್ಬರು ಎಲೆ ತಿನ್ನಲು ಒಪ್ಪಲಿಲ್ಲ. "ವಿಷ ಇದ್ರ ಏನ್ ಮಾಡ್ಲಿ? ಮೊದ್ಲು ನೀವು ತಿನ್ರಿ" ಎಂದರು. ಮಾವನ ಮರ್ಯಾದೆಯ ಪ್ರಶ್ನೆ! ನಾಲ್ಕು ಎಲೆ ಅಗಿದು ತೋರಿಸಿದ. ಗೌಡರು ಹೋದರು. ಮಾವ ಎಲೆ ತಿಂದದ್ದನ್ನು ಮರೆತು ಒಲೆಯ ಹತ್ತಿರ ಬಂದ. ಅತ್ತೆಗೆ ರುಚಿ ನೋಡುವ ಕೆಲಸ ನಿಂತಿದ್ದರಿಂದ ಈಗ ಹೂರಣದ ರುಚಿ ನೋಡುವುದು ಅವನೇ. ಬೆರಳಲ್ಲಿ ತೆಗೆದು ಬಾಯಿಗಿಟ್ಟ. ಸಪ್ಪೆ!

"ಬೆಲ್ಲ ಹಾಕೀಯೇನಲೇ, ಇಲ್ಲಾ ನೆನಸಿ ಸುಮ್ನಾದ್ಯೋ?" ಎಂದು ಅಡಿಗೆಯವನ ಮೇಲೆ ಹರಿಹಾಯ್ದ. ಅವನು ಪಾಪ ಎರಡು ಅಚ್ಚು ಬೆಲ್ಲ ಹಾಕಿದ. ಸಪ್ಪೆ. ಮತ್ತೆರಡು. ಸಪ್ಪೆ! ಹೂರಣ ಕಪ್ಪಗಾಯಿತು, ಸೌಟು ಒಳಗೇ ನಿಂತುಕೊಂಡಿತು. ಅಡಿಗೆಯವನು ಅಳುಮುಖ ಮಾಡಿಕೊಂಡು ಓಡಿಹೋಗಿ ಅತ್ತೆಯನ್ನು ಕರೆತಂದ. ಅತ್ತೆ ಒಂದು ಕಾಳಿನಷ್ಟು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಆಮೇಲೆ ಅವಳ ಮೈಯೆಲ್ಲ ಕುಲುಕತೊಡಗಿತು. ನಗುತ್ತ ನಗುತ್ತ ಬೇಳೆ ಚೀಲದ ಮೇಲೆ ಕುಸಿದು ಕುಳಿತು, ಜೀವನದಲ್ಲಿ ಮೊದಲ ಸಲ ಆ ಮಾತು ಹೇಳಿದಳು: "ಸಾಕ್ರಿ!"

ಬೇರೆ ಬೇಳೆ ಬೇಯಿಸಿ, ಆ ಹೂರಣವನ್ನು ಮೂರು ಪಾಲು ಹಿಗ್ಗಿಸಿ, ಅತ್ತೆಯೇ ನಿಂತು ಹದಕ್ಕೆ ತಂದಳು. ಮಾವ ಮೂಲೆಯಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. "ಇನ್ನ ಸಾಯೋತನಕ ಆ ಎಲಿ ಬಾಯಾಗ ಹಾಕಂಗಿಲ್ಲವ್ವಾ" ಎಂದು ನನ್ನ ಮುಂದೆ ಹೇಳಿದ. "ನಿಮ್ಮತ್ತಿ ಇಲ್ದಿದ್ರ ಇವತ್ತ ನನ್ನ ಮಾನ ಹೋಗ್ತಿತ್ತು."

ಅದಾದ ಮೇಲೆ ಅತ್ತೆಗೆ ಏನನ್ನಿಸಿತೋ, ದಿನಾ ಬೆಳಿಗ್ಗೆ ಎಲೆ ತಿನ್ನಲು ಒಪ್ಪಿಕೊಂಡಳು. ಮಾವ ಎಲೆ ಕೊಡುವುದು, ಅತ್ತೆ ಅಗಿಯುವುದು, ಮಾವ ಒಂದು ಚಿಟಿಕೆ ಸಕ್ಕರೆ ಕೊಟ್ಟು ಪರೀಕ್ಷೆ ಮಾಡುವುದು, ಅತ್ತೆ ಮುಖ ಸಿಂಡರಿಸಿ "ಉಸುಕು" ಎನ್ನುವುದು. ಮಾವ ಊರೆಲ್ಲ ಹೇಳಿಕೊಂಡು ಬಂದ. ಆದರೆ ದಾವಣಗೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಮೊದಲಿಗಿಂತ ಹೆಚ್ಚಾಗಿದೆ, ಕಾಲು ಜೋಪಾನ ಎಂದರು. ಹೇಗೆ ಸಾಧ್ಯ? ಒಂದು ವಾರ ಮಾವ ಅದೇ ಯೋಚನೆಯಲ್ಲಿದ್ದ. ಅಷ್ಟರಲ್ಲಿ ಬಚ್ಚಲು ಕಟ್ಟಿಕೊಂಡಿತು. ಮಾವ ಕೋಲು ಹಾಕಿ ತಿವಿದ. ಒಳಗಿನಿಂದ ಎಲೆ ಬಂತು. ಇನ್ನೊಂದು ಬಂತು. ಒಂದು ಬುಟ್ಟಿ ಎಲೆ! ಒಂದಕ್ಕೂ ಹಲ್ಲು ತಾಗಿರಲಿಲ್ಲ.

ನಾವು ಹೊಟ್ಟೆ ಹುಣ್ಣಾಗುವಷ್ಟು ನಗಲು ಸಿದ್ಧರಾಗಿದ್ದೆವು. ಮಾವ ಬೈಯುತ್ತಾನೆ, ಅತ್ತೆ ಉತ್ತರ ಕೊಡುತ್ತಾಳೆ ಎಂದು ಕಾದೆವು. ಮಾವ ಎಲೆಗಳನ್ನೆಲ್ಲ ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು ಬಂದ. ಕೈ ತೊಳೆದುಕೊಂಡು, ಕಾಲು ತೊಳೆಯುವ ಕಲ್ಲಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಿದ್ದ. ಅಂದು ಅಂಗಡಿ ತೆಗೆಯಲಿಲ್ಲ.

ಆಮೇಲೆ ಬಳ್ಳಿಯ ಕಡೆ ಹೋಗುವುದನ್ನೇ ಬಿಟ್ಟ. ಬಂದವರು ಮುಂಬಾಗಿಲಿಂದ ಒಳಗೆ ಬಂದರೂ ಸುಮ್ಮನಿದ್ದ. ಲಾಡು ಎಣಿಸುವುದು, ಡಬ್ಬಿ ತಡಕುವುದು, ಕೂಗಾಡುವುದು ಎಲ್ಲ ನಿಂತಿತು. ಬೇಸಿಗೆ ಬಂತು. ಗೋಣಿ ಚೀಲಗಳು ಒಣಗಿ ಗಾಳಿಗೆ ಬಡಿದುಕೊಂಡವು. ಎಲೆ ಹಳದಿಯಾಗಿ ಉದುರಿ, ಚಪ್ಪರದ ಮೇಲೆ ಬರೀ ಹುರಿಯಂಥ ಕಡ್ಡಿ ಉಳಿಯಿತು. ಆ ವರ್ಷ ನಲ್ಲಿ ಎಂಟು ದಿನಕ್ಕೊಮ್ಮೆಯೂ ಬರುತ್ತಿರಲಿಲ್ಲ.

ಹೆರಿಗೆಗೆಂದು ತವರಿಗೆ ಬಂದಿದ್ದ ನಾನು ಒಂದು ಮಧ್ಯಾಹ್ನ ಮಾವನ ಮನೆಗೆ ಹೋದೆ. ಹಿತ್ತಲಲ್ಲಿ ಅತ್ತೆ ಉರಿಬಿಸಿಲಿನಲ್ಲಿ ಬಾಗಿ, ಅಡಿಗೆಮನೆಯ ಕುಡಿಯುವ ನೀರಿನ ಕೊಡದಿಂದ ಹೂಳಿದ ಮಡಕೆಗೆ ನೀರು ಸುರಿಯುತ್ತಿದ್ದಳು. ನನ್ನನ್ನು ಕಂಡು ಕಳ್ಳಿಯಂತೆ ಬೆಚ್ಚಿದಳು. ಜಿಲೇಬಿ ಕದಿಯುವಾಗ ಸಿಕ್ಕಿಬಿದ್ದರೂ ಅವಳು ಹಾಗೆ ಬೆಚ್ಚಿದವಳಲ್ಲ.

"ನಿಮ್ಮಾವಗ ಹೇಳಬ್ಯಾಡವ್ವಾ."

"ಯಾಕತ್ತಿ? ನಿನಗ ಈ ಗಿಡ ಕಂಡ್ರ ಆಗ್ತಿದ್ದಿಲ್ಲಲ್ಲ?"

ಅತ್ತೆ ಕೊಡವನ್ನು ಕೆಳಗಿಟ್ಟಳು. "ಬೈಯೋದ ಬಿಟ್ಟಾರವ್ವಾ ನಿಮ್ಮಾವ. ಬಾಯಿಗೆ ಬಂದಂಗ ಬೈಲಿ, ಡಬ್ಬಿ ಹುಡುಕಲಿ, ನಾ ತಡಕೋತೀನಿ. ಹಿಂಗ ಸುಮ್ನ ಕುಂತ್ರ ನನಗ ಮನಿ ಮನಿ ಅನಸವಲ್ದು." ಅವಳ ಕಣ್ಣು ತುಂಬಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ಕಳೆದುಕೊಳ್ಳುವ ಹೆದರಿಕೆಯಲ್ಲಿ ಕುಳಿತಿದ್ದಾರೆ ಎಂದು ನನಗೆ ಅಂದು ಗೊತ್ತಾಯಿತು.

ಎರಡು ಮಳೆ ಬಿದ್ದ ಮೇಲೆ ಬುಡದಿಂದ ಚಿಗುರು ಬಂತು. ಒಂದು ಜೋಡಿ ಎಲೆ ಬಲಿಯುವುದನ್ನೇ ಅತ್ತೆ ಕಾದಿದ್ದಳು. ಅವನ್ನು ತಾನೇ ಕಿತ್ತುಕೊಂಡು ಸೀದಾ ಬಜಾರಿಗೆ ನಡೆದು, ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ನಿಂತು, ಕರಕರ ಅಗಿದು, ನುಂಗಿ, ಬಾಯಿ ತೆಗೆದು ತೋರಿಸಿದಳು. "ಈಗ ಒಂದು ಚೂರು ಬೆಲ್ಲ ಕೊಡ್ರಿ" ಎಂದಳು. ಮಾವ ಕೊಟ್ಟ. ಬಾಯಿಗಿಟ್ಟುಕೊಂಡಳು. ಈ ಸಲ ಮುಖ ಸಿಂಡರಿಸಲಿಲ್ಲ, ನಿಧಾನಕ್ಕೆ "ಉಸುಕು" ಎಂದಳು. "ಸಮಾಧಾನ ಆತೇನ್ರಿ?" ಮಾವ ಸ್ವಚ್ಛವಾಗಿಯೇ ಇದ್ದ ತಕ್ಕಡಿಯನ್ನು ಒರೆಸಿದ್ದೇ ಒರೆಸಿದ್ದು.

ಮರುದಿನವೇ ಮಾವ ಬೈಯಲು ಶುರುಮಾಡಿದ. ಸಂದಿಯ ದಾರಿ ಮತ್ತೆ ತೆರೆಯಿತು, ಊರವರ ಕಾಲುಗಳು ಮತ್ತೆ ಹಿತ್ತಲಿಗೆ ಬಂದವು. ಅತ್ತೆ ದಿನಾ ಎಲೆ ತಿಂದಳು, ಮಾತ್ರೆಯನ್ನೂ ತಪ್ಪಿಸಲಿಲ್ಲ, ಸಿಹಿಯನ್ನು ನಿಜವಾಗಿಯೂ ಬಿಟ್ಟಳು. ಸಕ್ಕರೆ ಹತೋಟಿಗೆ ಬಂತು. ಮಾತ್ರೆಯಿಂದ ಎಂದು ಡಾಕ್ಟರು ಹೇಳಿದರು, ಎಲೆಯಿಂದ ಎಂದು ಮಾವ ವಾದಿಸಿದ, ಕಾಟದಿಂದ ಎಂದು ಅತ್ತೆ ತೀರ್ಪು ಕೊಟ್ಟಳು. ನನ್ನ ಅಜ್ಜಿಗಾದಂತೆ ಅವಳಿಗಾಗಲಿಲ್ಲ. ಅವಳ ಹತ್ತು ಕಾಲ್ಬೆರಳುಗಳೂ ಕೊನೆಯವರೆಗೆ ಇದ್ದವು.

ಕೊನೆ ಬಂದದ್ದು ಬೇರೆ ದಾರಿಯಿಂದ. ಎರಡು ಸಾವಿರದ ಇಸವಿಯ ಆಚೆಗೆ, ಒಂದು ಶ್ರಾವಣದ ಬೆಳಿಗ್ಗೆ, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳಂತೆ. ಮಾವ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಮುಗಿದಿತ್ತು.

ಅವಳ ಹೆಸರಿನಲ್ಲಿ ಊಟ ಹಾಕಿದ ದಿನ ಬಂದವರೆಲ್ಲ, ಯಾರೂ ಹೇಳದೆಯೇ, ಸಂದಿಯಲ್ಲಿ ಸರಿದು ಹಿತ್ತಲಿಗೆ ಹೋಗಿ ಬಳ್ಳಿಯ ಬುಡದಲ್ಲಿ ಕಾಲು ತೊಳೆದು ಬಂದರು. ನಮ್ಮ ಕಡೆ ಆ ದಿನ ಗೋಧಿ ಹುಗ್ಗಿ ಮಾಡುತ್ತಾರೆ. ದುಃಖದ ಮನೆಯವರು ಸಿಹಿಗೆ ಬಾಯಿ ಹಚ್ಚಲೇಬೇಕು. ಬೀಗರು, ನೆಂಟರು ಎದುರಿಗೆ ಕುಳಿತು ಉಣ್ಣಿಸುತ್ತಾರೆ, ಒಲ್ಲೆ ಎನ್ನುವಂತಿಲ್ಲ. ಊಟದ ಎಲೆ ಹಾಕಿ ಬಡಿಸಿದ್ದಾಯಿತು, ಮಾವ ಕಾಣಲಿಲ್ಲ. ಹುಡುಕುತ್ತ ಹಿತ್ತಲಿಗೆ ಹೋದೆ.

ಮಾವ ಚಪ್ಪರದ ಕೆಳಗೆ ನಿಂತು ಎಲೆ ಅಗಿಯುತ್ತಿದ್ದ. ಸಾಯುವತನಕ ಬಾಯಿಗೆ ಹಾಕುವುದಿಲ್ಲ ಎಂದವನು ಒಂದೊಂದಾಗಿ ಕಿತ್ತು, ಗಿಡದಿಂದ ಕಣ್ಣು ತೆಗೆಯದೆ, ಅಗಿದು ನುಂಗುತ್ತಿದ್ದ.

"ಮಾವಾ, ಹುಗ್ಗಿ ಬಡಿಸ್ಯಾರ" ಎಂದೆ.

"ಬಂದೆನವ್ವಾ. ಎಲ್ಲಾರೂ ಬಾಯಾಗ ಇಡ್ತಾರ. ಒಲ್ಲೆ ಅಂದ್ರ ಅವರ ಮನಸ್ಸು ನೋಯತೈತಿ. ಉಣ್ತೀನಿ." ಇನ್ನೊಂದು ಎಲೆ ಕಿತ್ತುಕೊಂಡ. "ಆದ್ರ ಇವತ್ತ ನನ್ನ ಬಾಯಿಗೆ ಸಿಹಿ ಹತ್ತಬಾರ್ದು."

ಒಳಗೆ ಬಂದು ಕುಳಿತ. ಒಬ್ಬೊಬ್ಬರೂ ಒಂದೊಂದು ತುತ್ತು ಇಟ್ಟರು. ಯಾರಿಗೂ ಬೇಡ ಎನ್ನದೆ ಎಲ್ಲ ಉಂಡ. ಗಟ್ಟಿ ಮನುಷ್ಯ ಎಂದು ಜನ ಮಾತಾಡಿಕೊಂಡರು. ಹುಗ್ಗಿ ಮಾಡಿಸಿದ ಅತ್ತೆಯ ತವರಿನ ಹಿರಿಯರೊಬ್ಬರು, ದುಃಖ ಸ್ವಲ್ಪ ಮರೆಯಲಿ ಎಂದಿರಬೇಕು, ಕೇಳಿದರು: "ಹುಗ್ಗಿ ಹೆಂಗಾಗೈತ್ರಿ? ನೀವು ಅಂಗಡ್ಯೋರು, ನೀವಾ ಹೇಳಬೇಕು."

ಮಾವ ಬಾಯಲ್ಲಿದ್ದದ್ದನ್ನು ನುಂಗಿದ. ಅತ್ತೆಯ ಹಾಗೆಯೇ ಕಣ್ಣು ಮುಚ್ಚಿದ.

"ಇನ್ನೊಂದೀಟು ಬೆಲ್ಲ ಬೇಕು" ಎಂದ.

ಹಿರಿಯರ ಮುಖ ಸಣ್ಣಗಾಯಿತು. ಯಾರೋ ಬೆಲ್ಲ ತರಲು ಎದ್ದರು. ನಾನು ನನ್ನ ಊಟದ ಎಲೆಯಲ್ಲಿದ್ದ ಹುಗ್ಗಿಯನ್ನು ಬಾಯಿಗಿಟ್ಟುಕೊಂಡೆ. ಬೆಲ್ಲ ಸರಿಯಾಗಿಯೇ ಇತ್ತು.